ಅಪಹರಣವೇ ಇಲ್ಲದ ಅಪರಾಧ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಒಬ್ಬಾತ ತಾನು ಸೇನೆಯ ವಿಶೇಷ ದಳದ ನಿವೃತ್ತ ಕರ್ನಲ್ ಎಂದು ಹೇಳಿಕೊಂಡು ವರ್ಷಗಟ್ಟಲೆ ಉಪನ್ಯಾಸ ಕೊಡುತ್ತಿದ್ದ. ವಿಷಯ ಮಾನವ ಕಳ್ಳಸಾಗಣೆ. ಕೇಳುಗರಲ್ಲಿ ಪೊಲೀಸರಿದ್ದರು, ಕಾಲೇಜು ವಿದ್ಯಾರ್ಥಿಗಳಿದ್ದರು. ತನ್ನ ಮಗಳನ್ನು ದಂಧೆಯವರು ಹೊತ್ತೊಯ್ದರೆಂದೂ, ಅವಳನ್ನು ಹುಡುಕುತ್ತ ದೇಶದಿಂದ ದೇಶಕ್ಕೆ ಅಲೆದೆನೆಂದೂ, 2008ರ ‘ಟೇಕನ್’ ಸಿನಿಮಾ ಹುಟ್ಟಿದ್ದೇ ತನ್ನ ಬದುಕಿನಿಂದ ಎಂದೂ ಆತ ಹೇಳುತ್ತಿದ್ದ. ನಿಜವಾದ ಮಾಜಿ ಯೋಧರಿಗೆ ಅನುಮಾನ ಬಂದು ಕೆದಕಿದರೆ, ಕರ್ನಲ್‌ಗಿರಿಯೂ ಸುಳ್ಳು, ಮಗಳ ಕಥೆಯೂ ಸುಳ್ಳು. 2011ರಲ್ಲಿ ವಂಚನೆಗಾಗಿ ಅವನಿಗೆ 21 ತಿಂಗಳ ಸೆರೆವಾಸವಾಯಿತು.

ಅವನ ಸುಳ್ಳಿಗಿಂತ ಕೇಳಿದವರ ನಂಬಿಕೆ ನನಗೆ ಹೆಚ್ಚು ಕುತೂಹಲದ್ದು. ಅಪರಾಧಗಳ ನಡುವೆಯೇ ದಿನ ಕಳೆಯುವ ಪೊಲೀಸರು ಕೂಡ ಯಾಕೆ ನಂಬಿದರು? ಅವರು ತೆರೆಯ ಮೇಲೆ ನೋಡಿದ್ದ ಅಚ್ಚಿನಲ್ಲೇ ಅವನ ಕಥೆಯೂ ಇತ್ತು, ಅದಕ್ಕೆ. ಮುದ್ದಿನ ಮಗಳು, ವಿದೇಶಿ ದುರುಳರು, ಛಲ ಬಿಡದ ಅಪ್ಪ. ಮಾನವ ಕಳ್ಳಸಾಗಣೆ ಎಂದ ಕೂಡಲೇ ನಮ್ಮಲ್ಲಿ ಬಹುಪಾಲು ಜನರ ಕಣ್ಣೆದುರು ಬರುವ ಚಿತ್ರ ಇದೇ. ಅದನ್ನು ನಮ್ಮ ತಲೆಗೆ ತುಂಬಿದ್ದು ಪತ್ರಿಕೆಗಳೂ ಅಲ್ಲ, ಪಠ್ಯಪುಸ್ತಕಗಳೂ ಅಲ್ಲ, ಥ್ರಿಲ್ಲರ್ ಸಿನಿಮಾಗಳು.

ಪಿಯೆರ್ ಮೊರೆಲ್ ನಿರ್ದೇಶಿಸಿದ ‘ಟೇಕನ್’ ಸುಮಾರು 2.5 ಕೋಟಿ ಡಾಲರಿನಲ್ಲಿ ತಯಾರಾಗಿ 22 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಕಥೆ ಗೊತ್ತಿಲ್ಲದವರು ಕಡಿಮೆ. ಪ್ಯಾರಿಸ್ಸಿಗೆ ಪ್ರವಾಸ ಹೋದ ಹದಿನೇಳರ ಹುಡುಗಿ ಕಿಮ್, ಅವಳ ಗೆಳತಿ ಅಮಾಂಡಾ ಇಬ್ಬರನ್ನೂ ಅಲ್ಬೇನಿಯಾದ ತಂಡವೊಂದು ಎತ್ತಿಕೊಂಡು ಹೋಗುತ್ತದೆ. ಕಿಮ್‌ಳ ಅಪ್ಪ, ಮಾಜಿ ಗುಪ್ತಚರ ಬ್ರಯಾನ್ ಮಿಲ್ಸ್. ಅವನ ಕೈಯಲ್ಲಿರುವುದು 96 ಗಂಟೆ; ಅದು ಮೀರಿದರೆ ಮಗಳು ಎಂದೆಂದಿಗೂ ಸಿಗುವುದಿಲ್ಲ. ಲಿಯಾಮ್ ನೀಸನ್ ಫೋನಿನಲ್ಲಿ ತಣ್ಣಗೆ ಬೆದರಿಕೆ ಹಾಕುವ ಆ ದೃಶ್ಯವನ್ನು ಸಿನಿಮಾ ನೋಡದವರೂ ಅಣಕಿಸಬಲ್ಲರು.

ರಂಜನೆಯ ಲೆಕ್ಕದಲ್ಲಿ ಚಿತ್ರ ಬಿಗಿಯಾಗಿದೆ, ಸುಳ್ಳು ಹೇಳಲಾರೆ. ಆದರೆ ಎರಡನೇ ಸಲ ನೋಡುವವರು ಒಂದು ದೃಶ್ಯಕ್ಕೆ ಕಾದು ಕುಳಿತುಕೊಳ್ಳಬೇಕು. ಕಟ್ಟಡ ಕಾಮಗಾರಿಯ ಜಾಗದಲ್ಲಿ ಪರದೆ ಕಟ್ಟಿ ನಡೆಸುವ ವೇಶ್ಯಾಗೃಹಕ್ಕೆ ಮಿಲ್ಸ್ ನುಗ್ಗುತ್ತಾನೆ. ಸಾಲುಸಾಲು ಹುಡುಗಿಯರು, ಅಮಲಿನ ಮದ್ದು ಚುಚ್ಚಿ ಕೆಡವಿದವರು. ಅವರಲ್ಲಿ ಒಬ್ಬಳನ್ನು ಮಾತ್ರ ಆತ ಎತ್ತಿಕೊಂಡು ಓಡುತ್ತಾನೆ, ಅವಳ ಹತ್ತಿರ ತನ್ನ ಮಗಳ ಜಾಕೆಟ್ ಇದೆ ಎಂಬ ಕಾರಣಕ್ಕೆ. ಉಳಿದವರು ಅಲ್ಲೇ ಉಳಿಯುತ್ತಾರೆ. ಕ್ಯಾಮೆರಾ ಮತ್ತೆ ಅವರ ಕಡೆ ತಿರುಗುವುದಿಲ್ಲ. ಅಮಾಂಡಾ ಸತ್ತು ಸಿಗುತ್ತಾಳೆ, ಅದಕ್ಕೂ ಚಿತ್ರಕ್ಕೆ ಬಿಡುವಿಲ್ಲ. ಕಿಮ್‌ಳ ಬೆಲೆ ಏರುವುದು ಅವಳು ಕನ್ಯೆ ಎಂಬುದರಿಂದ. ಹರಾಜು ಕೂಗುವ ಖಳನೂ ಅದನ್ನೇ ಹೇಳುತ್ತಾನೆ, ಕಥೆ ಬರೆದವರೂ ಮನಸ್ಸಿನಲ್ಲಿ ಅದನ್ನೇ ಒಪ್ಪಿಕೊಂಡಿದ್ದಾರೆ: ಉಳಿಸಿಕೊಳ್ಳಲು ಯೋಗ್ಯಳಾದವಳು ಒಬ್ಬಳೇ.

ಇನ್ನು ಕಾನೂನು ಹೇಳುವುದನ್ನು ನೋಡೋಣ. ವಿಶ್ವಸಂಸ್ಥೆ 2000ದಲ್ಲಿ ಅಂಗೀಕರಿಸಿದ ಪಲೆರ್ಮೊ ಪ್ರೋಟೊಕಾಲ್ ಪ್ರಕಾರ ಮನುಷ್ಯರನ್ನು ಶೋಷಣೆಗೆಂದು ಕರೆತರುವುದು, ಸಾಗಿಸುವುದು, ಇರಿಸಿಕೊಳ್ಳುವುದು ಎಲ್ಲವೂ ಕಳ್ಳಸಾಗಣೆಯೇ. ಬಲಪ್ರಯೋಗವೇ ಆಗಬೇಕೆಂದಿಲ್ಲ; ವಂಚನೆ ಸಾಕು, ಅಸಹಾಯಕತೆಯ ದುರ್ಬಳಕೆ ಸಾಕು, ಮನೆಯ ಹಿರಿಯನ ಕೈಗೆ ದುಡ್ಡಿಟ್ಟರೂ ಸಾಕು. ಮಕ್ಕಳ ವಿಷಯದಲ್ಲಂತೂ ದಾರಿ ಯಾವುದೆಂದು ಸಾಬೀತುಪಡಿಸುವ ಅಗತ್ಯವೇ ಇಲ್ಲ. ನಮ್ಮಲ್ಲಿ ದೆಹಲಿ ಅತ್ಯಾಚಾರ ಪ್ರಕರಣದ ನಂತರ, ವರ್ಮಾ ಸಮಿತಿಯ ವರದಿಯ ಬೆನ್ನಿಗೆ 2013ರಲ್ಲಿ ಐಪಿಸಿಯ 370ನೇ ಕಲಂ ಹೊಸ ರೂಪ ಪಡೆಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ, ಭಿಕ್ಷಾಟನೆಯೂ ಅದರೊಳಗೆ ಸೇರಿದೆ. ಅದರಲ್ಲಿ ಒಂದು ವಿವರಣೆ ಇದೆ: ಸಂತ್ರಸ್ತರ ಒಪ್ಪಿಗೆ ಇತ್ತೋ ಇಲ್ಲವೋ ಎಂಬುದು ಅಪರಾಧ ನಿರ್ಧಾರಕ್ಕೆ ಅಪ್ರಸ್ತುತ. ತಾನೇ ಬಸ್ಸು ಹತ್ತಿ ಹೋದವಳೂ ಸಂತ್ರಸ್ತೆ, ಮುಂಗಡ ಪಡೆದು ಹೆಬ್ಬೆಟ್ಟು ಒತ್ತಿದವನೂ ಸಂತ್ರಸ್ತ.

ಅಂಕಿ ಅಂಶಗಳು ಇನ್ನೂ ಬೇರೆಯದೇ ಚಿತ್ರ ಕೊಡುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಬಲವಂತದ ದುಡಿಮೆಗೆ ಸಿಲುಕಿದ್ದವರು 2.76 ಕೋಟಿ ಜನ. ಅವರಲ್ಲಿ 63 ಲಕ್ಷ ಮಂದಿ ಲೈಂಗಿಕ ದಂಧೆಯಲ್ಲಿದ್ದರೆ, 1.73 ಕೋಟಿ ಮಂದಿ ಇಟ್ಟಿಗೆ ಗೂಡು, ಗದ್ದೆ, ಕಾರ್ಖಾನೆ, ಮೀನುದೋಣಿ, ಮನೆಗೆಲಸದಂಥ ಕಡೆ ಇದ್ದರು. ಹಾಗೆಂದು ಸಿನಿಮಾದವರಿಗೆ ವೇಶ್ಯಾಗೃಹವೇ ಕಾಣುವುದನ್ನು ಪೂರ್ತಿ ಕಣ್ಣುಕಟ್ಟು ಎನ್ನಲಾಗದು. ಅದೇ ಸಂಸ್ಥೆಯ 2024ರ ವರದಿಯಂತೆ ಈ ದಂಧೆಗಳು ವರ್ಷಕ್ಕೆ ತರುವ 23,600 ಕೋಟಿ ಡಾಲರ್ ಲಾಭದಲ್ಲಿ ಶೇ 73ರಷ್ಟು ಬರುವುದು ಲೈಂಗಿಕ ಶೋಷಣೆಯಿಂದ. ದುಡ್ಡು ಅಲ್ಲಿದೆ, ಜನ ಇಲ್ಲಿದ್ದಾರೆ.

ತೊಡಕು ಇರುವುದು ಥ್ರಿಲ್ಲರಿನ ಕಟ್ಟಡದಲ್ಲೇ. ಅದಕ್ಕೆ ಒಂದು ಘಳಿಗೆ ಬೇಕು: ಆಗ ಇದ್ದಳು, ಈಗಿಲ್ಲ. ಒಂದು ಗಡುವು ಬೇಕು. ನಾಯಕ ಬಾಗಿಲು ಒದ್ದು ಒಳನುಗ್ಗಲು ಒಂದು ಅಡ್ಡೆ ಬೇಕು. ನಿಜವಾದ ಕಳ್ಳಸಾಗಣೆಯಲ್ಲಿ ಸಾಮಾನ್ಯವಾಗಿ ಈ ಮೂರೂ ಇರುವುದಿಲ್ಲ. ಮೊದಲು ಊರಿನವರೇ ಆದ ಒಬ್ಬ ಏಜೆಂಟ್, ಇಲ್ಲವೇ ಮೇಸ್ತ್ರಿ. ಮದುವೆಗೋ ಆಸ್ಪತ್ರೆಗೋ ಕೊಟ್ಟ ಮುಂಗಡ. ಆಮೇಲೆ ಹಬ್ಬಕ್ಕೆ ಊರಿಗೆ ಹೋಗಲು ರಜೆ ಸಿಗದು, ಲೆಕ್ಕ ಕೇಳಿದರೆ ಸಾಲ ಏರಿರುತ್ತದೆ, ಆಧಾರ್ ಕಾರ್ಡು ಮಾಲೀಕನ ಬಳಿ ಇರುತ್ತದೆ. ಯಾವ ದಿನ ಕೂಲಿ ಜೀತವಾಯಿತು ಎಂದು ಅವರೂ ಹೇಳಲಾರರು. ಇದರಲ್ಲಿ 96 ಗಂಟೆಯನ್ನು ಎಲ್ಲಿಂದ ಎಣಿಸುವುದು? ವಲಸೆ ಸಂಘಟನೆ ಐಒಎಂ 2017ರಲ್ಲಿ ಕಲೆಹಾಕಿದ ಪ್ರಕರಣಗಳಲ್ಲಿ, ಮಕ್ಕಳ ಪೈಕಿ ಶೇ 41ರಷ್ಟು ಕಡೆ ಸಾಗಣೆಗೆ ದಾರಿ ಮಾಡಿಕೊಟ್ಟವರು ಮನೆಯವರು ಅಥವಾ ಬಂಧುಗಳು. ಅಂದರೆ ಫೋನಿನಲ್ಲಿ ಬೆದರಿಸಬೇಕಾದ ದನಿ ಎಷ್ಟೋ ಸಲ ಚಿಕ್ಕಪ್ಪನದ್ದೇ.

ಇದು ಬರೀ ಸಿನಿಮಾ ರಸಿಕರ ತಕರಾರು ಎಂದುಕೊಳ್ಳಬೇಡಿ. 2018ರಲ್ಲಿ ನಮ್ಮ ರಾಜ್ಯದಲ್ಲೇ ಅಪಹರಣದ ಈ ಕಲ್ಪನೆಗೆ ಜೀವಗಳು ಬಲಿಯಾದವು. ಆ ಬೇಸಿಗೆಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸ್ಆ್ಯಪ್‌ನಲ್ಲಿ ಹಬ್ಬಿತು. ಜೊತೆಗೆ ಒಂದು ವಿಡಿಯೊ: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಪರಾರಿಯಾಗುತ್ತಾರೆ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನ ಕಟ್ಟಿ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೈದರಾಬಾದಿನ ಎಂಜಿನಿಯರ್ ಒಬ್ಬರು ಗುಂಪಿನ ಕೈಯಲ್ಲಿ ಸತ್ತರು.

ಆ ವಿಡಿಯೊ ಎಲ್ಲಿಯದು? ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲು ತಯಾರಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ತಿರುಗಿ ಬಂದು ಮಗುವನ್ನು ಇಳಿಸಿ, ಮಗುವನ್ನು ಅಪಹರಿಸಲು ಎಷ್ಟು ಕಡಿಮೆ ಹೊತ್ತು ಸಾಕು ಎಂಬ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಬಿಟ್ಟರು. ಉಳಿದದ್ದು ಅಪ್ಪಟ ಥ್ರಿಲ್ಲರ್: ಅಪರಿಚಿತರು, ಬೈಕು, ಕ್ಷಣಾರ್ಧದ ಅಪಹರಣ. ಸಿಸಿಟಿವಿ ದೃಶ್ಯದಂತೆ ಕಾಣುವ ಆ ತುಣುಕನ್ನು ನೋಡಿದ ಜನ ಅದನ್ನು ಸಾಕ್ಷಿ ಎಂದೇ ತೆಗೆದುಕೊಂಡರು. ಆ ಜುಲೈಯಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಸಂದೇಶ ರವಾನೆಗೆ ಐದರ ಮಿತಿ ಹಾಕುವುದಾಗಿ ಘೋಷಿಸಿತು. ಅಪರಿಚಿತನ ಬಗ್ಗೆ ಮೊದಲೇ ಮನಸ್ಸಿನಲ್ಲಿ ಕೂತ ಭಯಕ್ಕೆ ಮಿತಿ ಹಾಕುವವರು ಯಾರು?

ಅಮೆರಿಕದಲ್ಲೂ ಈ ವದಂತಿಗೆ ತಮ್ಮನೊಬ್ಬ ಹುಟ್ಟಿದ. 2020ರ ಜುಲೈನಲ್ಲಿ, ಪೀಠೋಪಕರಣ ಮಾರುವ ವೇಫೇರ್ ಎಂಬ ಜಾಲತಾಣ ದುಬಾರಿ ಕಪಾಟುಗಳ ಹೆಸರಿನಲ್ಲಿ ಮಕ್ಕಳನ್ನು ಮಾರುತ್ತಿದೆ ಎಂಬ ಗಾಳಿಸುದ್ದಿ ಎದ್ದಿತು. ಅಲ್ಲಿನ ಸಹಾಯವಾಣಿ ನಡೆಸುತ್ತಿದ್ದ ಪೋಲಾರಿಸ್ ಸಂಸ್ಥೆ, ಸುಳ್ಳು ಕರೆಗಳ ಪ್ರವಾಹದಿಂದ ನಿಜವಾಗಿ ಕಷ್ಟದಲ್ಲಿರುವವರಿಗೆ ನೆರವಾಗುವುದೇ ಕಷ್ಟವಾಗುತ್ತಿದೆ ಎಂದು ಹೇಳಿಕೆ ಕೊಡಬೇಕಾಯಿತು. ಮೂರು ವರ್ಷದ ನಂತರ ಬಂದ ‘ಸೌಂಡ್ ಆಫ್ ಫ್ರೀಡಮ್’ ಸರಕಾರಿ ಕೆಲಸ ಬಿಟ್ಟು ಕೊಲಂಬಿಯಾದಲ್ಲಿ ಮಕ್ಕಳನ್ನು ಬಿಡಿಸಲು ಹೊರಡುವ ಅಧಿಕಾರಿಯ ಕಥೆ. ಸುಮಾರು 25 ಕೋಟಿ ಡಾಲರ್ ಗಳಿಸಿತು. ಚಿತ್ರ ಮುಗಿಯುವ ಹೊತ್ತಿಗೆ ನಾಯಕನಟ ಜಿಮ್ ಕವೀಝೆಲ್ ತೆರೆಯ ಮೇಲೆ ಬಂದು, ಕ್ಯುಆರ್ ಕೋಡ್ ತೋರಿಸಿ, ಇನ್ನೊಬ್ಬರಿಗೂ ಟಿಕೆಟ್ ಕೊಡಿಸಿ ಎಂದು ಪ್ರೇಕ್ಷಕರನ್ನು ಕೇಳುತ್ತಾರೆ. ಕಳ್ಳಸಾಗಣೆ ನಿಲ್ಲಿಸಲು ಇನ್ನೊಂದು ಟಿಕೆಟ್! ಈ ವ್ಯಾಪಾರಬುದ್ಧಿಗೆ ಕೈಮುಗಿಯಬೇಕು.

ನಮ್ಮ ಹಿಂದಿ ಚಿತ್ರಗಳು ಅಚ್ಚನ್ನು ತಂದರೂ ಮಣ್ಣನ್ನು ಬಿಡಲಿಲ್ಲ. ಪ್ರದೀಪ್ ಸರ್ಕಾರ್ ಅವರ ‘ಮರ್ದಾನಿ’ (2014) ‘ಟೇಕನ್’ನ ಸಂತಾನವೇ, ಫೋನಿನ ಜಿದ್ದಾಜಿದ್ದಿ ಸಮೇತ. ಆದರೆ ಕಾಣೆಯಾಗುವವಳು ಆಶ್ರಯಧಾಮದಲ್ಲಿದ್ದ, ಹೂ ಮಾರುವ ಹುಡುಗಿ ಪ್ಯಾರಿ; ದೂರು ಕೊಡಲು ಅಪ್ಪ ಅಮ್ಮ ಇಲ್ಲದವಳು. ತಾಹಿರ್ ರಾಜ್ ಭಸಿನ್ ಮಾಡಿದ ಖಳ ಪಕ್ಕದ ಮನೆಯ ಓದಿದ ಹುಡುಗನಂತಿದ್ದಾನೆ. ಇಷ್ಟೆಲ್ಲ ಸರಿಯಾಗಿ ಕಂಡ ಚಿತ್ರ ಕೊನೆಗೆ ಇನ್‌ಸ್ಪೆಕ್ಟರ್ ಶಿವಾನಿಯ ಕೈಯಿಂದ ಅವನನ್ನು ಹುಡುಗಿಯರ ಕೈಗೆ ಒಪ್ಪಿಸಿ, ಅವರು ಬಡಿದು ಸಾಯಿಸುವಲ್ಲಿ ಮುಗಿಯುತ್ತದೆ. ಥಿಯೇಟರಿನಲ್ಲಿ ಶಿಳ್ಳೆ ಬಿದ್ದಿರಬೇಕು. ನ್ಯಾಯಾಲಯದ ಮೇಲಿನ ಅಪನಂಬಿಕೆ ಆಧಾರವಿಲ್ಲದ್ದೇನೂ ಅಲ್ಲ: ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ವರದಿಯಂತೆ 2022ರಲ್ಲಿ ದೇಶದಲ್ಲಿ ದಾಖಲಾದ ಮಾನವ ಕಳ್ಳಸಾಗಣೆ ಪ್ರಕರಣ 2,250, ಗುರುತಿಸಿದ ಸಂತ್ರಸ್ತರು 6,036; ಆರೋಪಿಗಳಲ್ಲಿ ಶಿಕ್ಷೆಯಾದವರಿಗಿಂತ ಖುಲಾಸೆಯಾದವರೇ ಎಷ್ಟೋ ಪಟ್ಟು ಹೆಚ್ಚು. ಆದರೂ ಹೊಡೆದು ಕೊಲ್ಲುವ ಗುಂಪನ್ನು ಪರಿಹಾರ ಎಂದು ತೋರಿಸುವ ಚಿತ್ರವನ್ನು, ಚಾಮರಾಜಪೇಟೆ ಮತ್ತು ಮುರ್ಕಿಯ ನಂತರ, ಮೊದಲಿನಂತೆ ನೋಡಲು ನನಗಾಗುವುದಿಲ್ಲ.

‘ಮರ್ದಾನಿ’ ಬಂದ ವರ್ಷವೇ ತೆರೆಕಂಡ ನಾಗೇಶ್ ಕುಕುನೂರ್ ಅವರ ‘ಲಕ್ಷ್ಮಿ’ಗೆ ಅಷ್ಟು ಜನ ಬರಲಿಲ್ಲ. ಆಂಧ್ರದ ಪ್ರಕರಣವೊಂದನ್ನು ಆಧರಿಸಿದ ಕಥೆ. ಹದಿನಾಲ್ಕರ ಹುಡುಗಿಯನ್ನು ಬಿಡಿಸುವುದರೊಂದಿಗೆ ಅದು ಮುಗಿಯುವುದಿಲ್ಲ, ಅವಳು ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವುದೇ ಅದರ ಏರುಘಟ್ಟ. ವಕೀಲರ ಪಾಟೀಸವಾಲಿನ ಮುಂದೆ ಅವಳು ಮಾತಿಗೆ ನಿಲ್ಲುತ್ತಾಳೋ ಇಲ್ಲವೋ ಎಂಬ ಆತಂಕ ಯಾವ ಕಾರು ಚೇಸಿಗೂ ಕಡಿಮೆಯದಲ್ಲ. ತಬ್ರೇಜ್ ನೂರಾನಿಯವರ ‘ಲವ್ ಸೋನಿಯಾ’ (2018) ಇನ್ನೊಂದು ಸತ್ಯವನ್ನು ಆರಂಭದಲ್ಲೇ ಇಡುತ್ತದೆ: ಸಾಲದಲ್ಲಿ ಮುಳುಗಿದ ರೈತ ತನ್ನ ಮಗಳನ್ನು ತಾನೇ ಮಾರುತ್ತಾನೆ. ಅವಳನ್ನು ಹುಡುಕಿ ಹೊರಟ ಸೋದರಿಯೂ ಬಲೆಗೆ ಬೀಳುತ್ತಾಳೆ. ಕಥೆ ಹಾಂಗ್‌ಕಾಂಗ್, ಕಂಟೇನರ್, ಲಾಸ್ ಏಂಜಲೀಸ್ ಎಂದು ದಾಟುತ್ತ ಹೋದಂತೆ ಆ ಹೊಲದ ಬಿಸಿ ಆರಿಹೋಗುತ್ತದೆ. 1994ರಲ್ಲೇ ತಮಿಳಿನ ‘ಮಹಾನದಿ’ಯಲ್ಲಿ ಕಮಲ್ ಹಾಸನ್ ಪಾತ್ರ ತನ್ನ ಮಗಳನ್ನು ಕೋಲ್ಕತ್ತದ ಸೋನಾಗಾಛಿಯಲ್ಲಿ ಕಂಡಾಗ, ಹಿಂದಿನ ಮೋಸ, ಜೈಲು, ಚದುರಿದ ಸಂಸಾರ ಎಲ್ಲವೂ ಆ ಕೋಣೆಗೆ ಬಂದು ಸೇರಿದ್ದವು. ಆ ದೃಶ್ಯ ನೋಡಿದವರು ಮರೆತಿರಲಾರರು.

ನನ್ನ ಮಟ್ಟಿಗೆ ಈ ವಿಷಯದ ಅತ್ಯುತ್ತಮ ಭಾರತೀಯ ಚಿತ್ರವನ್ನು ಯಾರೂ ಥ್ರಿಲ್ಲರ್ ಎಂದು ಕರೆದಿಲ್ಲ: ರಿಚಿ ಮೆಹ್ತಾ ಅವರ ‘ಸಿದ್ಧಾರ್ಥ್’ (2013). ದೆಹಲಿಯ ಮಹೇಂದ್ರ ಬೀದಿ ಸುತ್ತಿ ಬ್ಯಾಗು, ಪ್ಯಾಂಟುಗಳ ಜಿಪ್ ಸರಿಮಾಡುವವನು. ಹನ್ನೆರಡರ ಮಗ ಸಿದ್ಧಾರ್ಥ್‌ನನ್ನು ಪರಿಚಿತರ ಮಾತಿನ ಮೇಲೆ ಲುಧಿಯಾನದ ಕಾರ್ಖಾನೆಗೆ ಕಳಿಸುತ್ತಾನೆ. ದೀಪಾವಳಿಗೆ ಬರಬೇಕಾದ ಹುಡುಗ ಬರುವುದಿಲ್ಲ. ಓಡಿಹೋದ ಎನ್ನುತ್ತಾನೆ ಕಾರ್ಖಾನೆಯವನು. ಪೊಲೀಸ್ ಠಾಣೆಯಲ್ಲಿ ಮೊದಲು ಸಿಗುವುದು ಬೈಗುಳ, ಆ ವಯಸ್ಸಿನ ಮಗನನ್ನು ಕೆಲಸಕ್ಕೆ ಕಳಿಸಿದ್ದಕ್ಕೆ. ಫೋಟೊ ಕೊಡು ಎನ್ನುತ್ತಾರೆ, ಫೋಟೊ ಇಲ್ಲ. ಮಗುವನ್ನು ಡೋಂಗ್ರಿಗೆ ಒಯ್ದಿರಬಹುದು ಎಂದು ಯಾರೋ ಹೇಳುತ್ತಾರೆ. ಡೋಂಗ್ರಿ ಊರೋ, ಬೀದಿಯೋ, ಎಲ್ಲಿದೆಯೋ ಅವನಿಗೆ ಗೊತ್ತಿಲ್ಲ. ಬಸ್ಸಿನವರನ್ನು, ಗಿರಾಕಿಗಳನ್ನು, ಕಂಡಕಂಡವರನ್ನು ಕೇಳುತ್ತ ಹೋಗುತ್ತಾನೆ. ದೆಹಲಿಯಲ್ಲಿ ಒಬ್ಬ ರಿಕ್ಷಾ ಚಾಲಕ ತಮ್ಮನ್ನು ಇದೇ ಪ್ರಶ್ನೆ ಕೇಳಿದ್ದರಿಂದ ಈ ಚಿತ್ರ ಹುಟ್ಟಿತು ಎಂದು ನಿರ್ದೇಶಕರು ಹೇಳಿದ್ದಾರೆ.

ಮುಂಬೈಯ ಒಂದು ಬಡಾವಣೆಯ ಹೆಸರು ತಿಳಿಯಲು ಈ ಅಪ್ಪನಿಗೆ ಎಷ್ಟು ದಿನ ಬೇಕಾಯಿತೆಂದು ನೋಡಿದರೆ, ಬ್ರಯಾನ್ ಮಿಲ್ಸ್‌ನ ಧ್ವನಿ ವಿಶ್ಲೇಷಣೆ, ಖಾಸಗಿ ವಿಮಾನಗಳೆಲ್ಲ ಮಕ್ಕಳಾಟವಾಗಿ ಕಾಣುತ್ತವೆ. ಗಡಿಯಾರ ಇಲ್ಲೂ ಓಡುತ್ತಿದೆ, ಆದರೆ ಓಡಿಸುವುದು ಬಡತನ. ಮುಂಬೈಗೆ ಹೋಗಲು ದುಡ್ಡು ಕೂಡಿಡಬೇಕು. ಕೂಡಿಡಲು ಜಿಪ್ ಹೊಲಿಯುತ್ತಲೇ ಇರಬೇಕು. ಹೊಲಿದಷ್ಟು ದಿನವೂ ಮಗ ಇನ್ನಷ್ಟು ದೂರ. ರಾಜೇಶ್ ತೈಲಂಗ್ ಅದನ್ನು ಒಂದಿಷ್ಟೂ ಗದ್ದಲವಿಲ್ಲದೆ ಅಭಿನಯಿಸಿದ್ದಾರೆ. ಸಿದ್ಧಾರ್ಥ್ ಸಿಗುವುದಿಲ್ಲ.

ಥ್ರಿಲ್ಲರಿನ ಬಿಗಿಯನ್ನು ಬಿಡದೆಯೂ ಈ ವಿಷಯವನ್ನು ಹಿಡಿದವರು ಹೊರಗೆ ಇದ್ದಾರೆ. ಸ್ಟೀವನ್ ನೈಟ್ ಬರೆದು ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ ‘ಡರ್ಟಿ ಪ್ರೆಟಿ ಥಿಂಗ್ಸ್’ (2002) ಲಂಡನ್ನಿನ ಹೋಟೆಲೊಂದರ ಶೌಚಾಲಯದಲ್ಲಿ ಮನುಷ್ಯನ ಹೃದಯ ಸಿಗುವುದರೊಂದಿಗೆ ಶುರುವಾಗುತ್ತದೆ. ಕಾಗದಪತ್ರವಿಲ್ಲದ ವಲಸಿಗರಿಗೆ ಅಲ್ಲಿನ ಮ್ಯಾನೇಜರ್ ಪಾಸ್‌ಪೋರ್ಟ್ ಕೊಡುತ್ತಾನೆ, ಬದಲಿಗೆ ಒಂದು ಮೂತ್ರಪಿಂಡ. ಯಾರನ್ನೂ ಕಟ್ಟಿಹಾಕಿಲ್ಲ. ಎಲ್ಲರೂ ತಾವೇ ನಡೆದು ಬಂದವರು. ಅದೇ ನೈಟ್ ಬರೆದ ‘ಈಸ್ಟರ್ನ್ ಪ್ರಾಮಿಸಸ್’ನಲ್ಲಿ (2007) ಹೆರಿಗೆಯಲ್ಲಿ ಸತ್ತ ಹದಿನಾಲ್ಕರ ಹುಡುಗಿಯ ದಿನಚರಿ ರಷ್ಯನ್ ಮಾಫಿಯಾವನ್ನು ನಡುಗಿಸುತ್ತದೆ.

ಲಾರಿಸಾ ಕೊಂಡ್ರಾಕಿ ಅವರ ‘ದಿ ವಿಸಲ್‌ಬ್ಲೋವರ್’ (2010) ಇನ್ನೂ ಕಹಿ. ನೆಬ್ರಾಸ್ಕದ ಪೊಲೀಸ್ ಅಧಿಕಾರಿಣಿ ಕ್ಯಾಥರಿನ್ ಬೋಲ್ಕೊವಾಕ್ ಯುದ್ಧಾನಂತರದ ಬೋಸ್ನಿಯಾಕ್ಕೆ ವಿಶ್ವಸಂಸ್ಥೆಯ ಕಾರ್ಯಾಚರಣೆಯಲ್ಲಿ ಹೋಗಿದ್ದವರು. ಬಾರುಗಳಲ್ಲಿ ಕೂಡಿಹಾಕಿದ ಹುಡುಗಿಯರ ಗಿರಾಕಿಗಳಲ್ಲಿ, ಸಾಗಣೆಗೆ ಕೈಜೋಡಿಸಿದವರಲ್ಲಿ ಶಾಂತಿಪಾಲನೆಗೆ ಬಂದವರೇ ಇದ್ದಾರೆಂದು ಅವರು ವರದಿ ಮಾಡಿದರು. ಅವರನ್ನು ಕೆಲಸಕ್ಕೆ ತೆಗೆದುಕೊಂಡಿದ್ದ ಡಿನ್‌ಕಾರ್ಪ್ ಕಂಪನಿ ಅವರನ್ನೇ ವಜಾ ಮಾಡಿತು. 2002ರಲ್ಲಿ ಬ್ರಿಟನ್ನಿನ ಉದ್ಯೋಗ ನ್ಯಾಯಮಂಡಳಿ ಅವರ ಪರ ತೀರ್ಪು ಕೊಟ್ಟಿತು. ಚಿತ್ರದಲ್ಲಿ ರೇಚಲ್ ವೈಸ್ ಬಾಗಿಲು ಮುರಿದು ಹುಡುಗಿಯರನ್ನು ಹೊರತರುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಆ ಹುಡುಗಿಯರು ಮತ್ತೆ ಅದೇ ಕೈಗಳಿಗೆ ಸೇರುತ್ತಾರೆ. ಬಿಡಿಸಿದ ಮೇಲೆ ಒಯ್ಯುವುದೆಲ್ಲಿಗೆ ಎಂಬುದನ್ನು ಯಾರೂ ಯೋಚಿಸಿರುವುದಿಲ್ಲ. ಅಡ್ಡೆಗೆ ನುಗ್ಗುವುದನ್ನು ಕೊನೆಗಿಡದೆ ನಡುವೆಯೇ ತಂದು, ಅದು ಸೋಲುವುದನ್ನು ತೋರಿಸಿದ್ದು ಈ ಚಿತ್ರದ ದೊಡ್ಡ ಜಾಣ್ಮೆ. 2011ರಲ್ಲಿ ಇದನ್ನು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ಪ್ರದರ್ಶಿಸಲಾಯಿತು.

ಈಚಿನ ರೂಪ ಇನ್ನೊಂದಿದೆ. ಚೀನಾದ ‘ನೋ ಮೋರ್ ಬೆಟ್ಸ್’ (2023) ಒಳ್ಳೆಯ ಸಂಬಳದ ಆಸೆಗೆ ವಿದೇಶಕ್ಕೆ ಹೋದ ಪ್ರೋಗ್ರಾಮರ್ ಒಬ್ಬ ಆನ್‌ಲೈನ್ ವಂಚನೆಯ ಕೋಟೆಯೊಳಗೆ ಸಿಕ್ಕಿಬೀಳುವ ಕಥೆ. ಅಲ್ಲಿ ಸಂತ್ರಸ್ತನೇ ದಿನವಿಡೀ ಕೂತು ಬೇರೆಯವರನ್ನು ವಂಚಿಸಬೇಕು. ಮ್ಯಾನ್ಮಾರಿನಲ್ಲಿ 1,20,000 ಮಂದಿ, ಕಾಂಬೋಡಿಯಾದಲ್ಲಿ ಸುಮಾರು 1,00,000 ಮಂದಿ ಇಂಥ ದುಡಿಮೆಗೆ ಸಿಕ್ಕಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅದೇ ವರ್ಷ ಅಂದಾಜಿಸಿತ್ತು. ಕಾಂಬೋಡಿಯಾ ಚಿತ್ರವನ್ನು ನಿಷೇಧಿಸಿತು. 2025ರ ಮಾರ್ಚಿನಲ್ಲಿ ಮ್ಯಾನ್ಮಾರ್ ಗಡಿಯಿಂದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು.

ನಮಗೆ ಇನ್ನೂ ಹತ್ತಿರದ್ದು ಕಲಬುರಗಿಯದು. ಅಲ್ಲಿನ ಕೆಲವು ಯುವಕರು ಭದ್ರತಾ ಸಿಬ್ಬಂದಿ, ಸಹಾಯಕರ ಕೆಲಸವೆಂದು ನಂಬಿ, ಏಜೆಂಟರಿಗೆ ಹಣ ಕಟ್ಟಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಇಳಿದರು. ಯೂಟ್ಯೂಬ್ ಚಾನೆಲ್‌ನ ಮೂಲಕವೂ ಗಾಳ ಹಾಕುತ್ತಿದ್ದ ಈ ಜಾಲದ ಮೇಲೆ 2024ರ ಮಾರ್ಚಿನಲ್ಲಿ ಸಿಬಿಐ ದಾಖಲಿಸಿದ್ದು ಮಾನವ ಕಳ್ಳಸಾಗಣೆಯ ಪ್ರಕರಣವನ್ನೇ. ಸೆಪ್ಟೆಂಬರಿನಲ್ಲಿ ಆ ಯುವಕರು ಊರಿಗೆ ಮರಳಿದರು. ಅವರನ್ನು ಯಾರೂ ಅಪಹರಿಸಿರಲಿಲ್ಲ; ಮನೆಯವರೇ ವಿಮಾನ ನಿಲ್ದಾಣಕ್ಕೆ ಕಳಿಸಿಕೊಟ್ಟಿದ್ದರು.

ಕನ್ನಡದಲ್ಲಿ ಪೃಥ್ವಿ ಕೋಣನೂರು ಅವರ ‘ರೈಲ್ವೇ ಚಿಲ್ಡ್ರನ್’ ಮನೆ ಬಿಟ್ಟು ಬಂದು ಬೆಂಗಳೂರಿನ ನಿಲ್ದಾಣದಲ್ಲಿ ಒಬ್ಬನ ಹಿಡಿತಕ್ಕೆ ಸಿಕ್ಕು ದುಡಿಯುವ ಹುಡುಗರನ್ನು ತೋರಿಸಿತು. ಅದರ ಬಾಲನಟನಿಗೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರ ಬಂದದ್ದು ಮಾತ್ರ ಹೆಚ್ಚಿನವರಿಗೆ ಗೊತ್ತಾಗಲಿಲ್ಲ. ಆ ದಾರಿಯಲ್ಲಿ ಮುಂದೆ ಹೋಗಲು ನಮ್ಮವರಿಗೆ ಕಥೆಯ ಬರವಿಲ್ಲ. 1982ರಲ್ಲೇ ಕಾಯ್ದೆ ಬಂದರೂ ದೇವದಾಸಿ ಪದ್ಧತಿಯ ಹೆಸರಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಮುಂಬೈ, ಪುಣೆ, ಸಾಂಗ್ಲಿಯ ಓಣಿಗಳಿಗೆ ಸೇರಿದ ಕಥೆ ಇದೆ. ಒಡಿಶಾದಿಂದ ಬೆಂಗಳೂರಿನ ಸುತ್ತಲ ಇಟ್ಟಿಗೆ ಗೂಡುಗಳಿಗೆ ಬಂದವರ ಕಥೆ ಇದೆ.

ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಗೂಡಿನಿಂದ ಬಿಡಿಸಿದ ಕುಟುಂಬಕ್ಕೆ ಉಪವಿಭಾಗಾಧಿಕಾರಿಯ ಸಹಿಯಿರುವ ಬಿಡುಗಡೆ ಪತ್ರ ಬೇಕು. ಅದಿದ್ದರೆ ಹಳೆಯ ಮುಂಗಡ ರದ್ದು, ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀರ ಘೋರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ. ಅದಿಲ್ಲದಿದ್ದರೆ ಅವರು ಸಾಲ ತೀರಿಸದೆ ಓಡಿಹೋದ ಕೂಲಿಗಳು, ಅಷ್ಟೆ. ಉಪವಿಭಾಗಾಧಿಕಾರಿಯ ಕಚೇರಿಯ ಹೊರಗೆ ಲಾರಿ ನಿಂತಿದೆ, ಮೇಸ್ತ್ರಿ ಬೀಡಿ ಸೇದುತ್ತ ಕಾಯುತ್ತಿದ್ದಾನೆ, ಒಳಗೆ ಮೇಜಿನ ಮೇಲೆ ಸಹಿಯಾಗದ ಕಡತ. ಥ್ರಿಲ್ಲರಿಗೆ ಇದಕ್ಕಿಂತ ಒಳ್ಳೆಯ ಗಡುವು ಬೇಕೆ? ಪ್ಯಾರಿಸ್ಸಿಗೆ ಹೋಗುವ ಖರ್ಚೂ ಇಲ್ಲ. ಕನ್ನಡದ ನಿರ್ದೇಶಕರಲ್ಲಿ ಒಬ್ಬರಾದರೂ ಇದನ್ನು ಕೈಗೆತ್ತಿಕೊಳ್ಳಲಿ, ಬಂದಾಗ ನಾವೂ ಟಿಕೆಟ್ ಕೊಂಡು ನೋಡೋಣ.